ಹಡಗಿನಲ್ಲಿ ಬೇರೆ ಮಾಡಿದ ಕಸ ಲಾರಿಯಲ್ಲಿ ಮತ್ತೆ ಒಂದಾದರೆ?

ಕುಡ್ಲ_ಕೆಡೆಟ್:
ಅದಿರು, ಧಾನ್ಯ ಸಾಗಿಸುವ ಬಲ್ಕ್ ಕ್ಯಾರಿಯರ್‌ನಲ್ಲಿ ಡೆಕ್ ಕೆಡೆಟ್ (ತರಬೇತಿಯಲ್ಲಿರುವ ಅಧಿಕಾರಿ) ಆಗಿದ್ದೇನೆ. ಪ್ಲಾಸ್ಟಿಕ್, ಊಟದ ಕಸ, ಕರಿದ ಎಣ್ಣೆ, ಎಂಜಿನ್ ರೂಮಿನ ಎಣ್ಣೆ ಬಟ್ಟೆ, ಇ-ವೇಸ್ಟ್, ಎಲ್ಲಕ್ಕೂ ಬೇರೆ ಬೇರೆ ಡ್ರಮ್ಮು. ಹೋದ ಬಂದರಿನಲ್ಲಿ ಲಾರಿಯವರು ಬಂದು ಎಲ್ಲವನ್ನೂ ಒಟ್ಟಿಗೇ ಸುರಿದುಕೊಂಡು ಹೋದರು. ರಸೀದಿಯಲ್ಲೂ 'ಗಾರ್ಬೇಜ್' ಅಂತ ಒಂದೇ ಸಾಲು! ನಾವು ವಿಂಗಡಿಸುವುದು ಸುಮ್ನೆ ಅಲ್ವಾ?

ಹಳೇ_ಚೀಫ್‌ಮೇಟ್:
ವಿಂಗಡಿಸುವುದು ಮೊದಲು ನಿಮಗಾಗಿ ಮಾರಾಯ್ರೇ, ಲಾರಿಗಾಗಿ ಆಮೇಲೆ. ಹಡಗಿನ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್‌ನ ಐದನೇ ಅನೆಕ್ಸ್ (ಕಸದ ಭಾಗ) ಪ್ರಕಾರ 25 ಮಿ.ಮೀ. ಜಾಲರಿ ದಾಟುವಷ್ಟು ಪುಡಿ ಮಾಡಿದ ಊಟದ ಕಸವನ್ನು ದಡದಿಂದ 3 ನಾಟಿಕಲ್ ಮೈಲು ಆಚೆ, ಪುಡಿ ಮಾಡದಿದ್ದರೆ 12 ಮೈಲು ಆಚೆ, ಹಡಗು ಸಾಗುತ್ತಿರುವಾಗ ಸಮುದ್ರಕ್ಕೆ ಬಿಡಬಹುದು (ಸ್ಪೆಷಲ್ ಏರಿಯಾ ಅಂತ ಗುರುತಿಸಿದ ಸಮುದ್ರಗಳಲ್ಲಿ ಇನ್ನೂ ಬಿಗಿ). ಅದರೊಳಗೆ ಒಂದು ಮಸಾಲೆ ಪ್ಯಾಕೆಟ್ ಸೇರಿತೋ, ಇಡೀ ಡ್ರಮ್ಮಿಗೆ ಪ್ಲಾಸ್ಟಿಕ್ಕಿನ ನಿಯಮ, ಎಲ್ಲೂ ಬಿಡುವ ಹಾಗಿಲ್ಲ. ಮುಂದಿನ ಬಂದರಿನವರೆಗೆ ಅದರ ವಾಸನೆ ಕುಡಿಯುವವರು ನೀವೇ.

ಏಜೆನ್ಸಿ_ಕೆಲಸ:
ಲಾರಿ ವಿಷಯಕ್ಕೆ ಬರೋಣ. ಬಂದರು ತಲುಪುವ 24 ಗಂಟೆ ಮೊದಲು ಕಳಿಸುವ ಅಡ್ವಾನ್ಸ್ ನೋಟಿಫಿಕೇಶನ್ (ಎಷ್ಟು ಕಸ ಕೊಡುತ್ತೇವೆ ಅಂತ ಮುಂಚಿತವಾಗಿ ತಿಳಿಸುವ ಫಾರ್ಮ್) ನೋಡಿದ್ದೀರಾ? ಅದರಲ್ಲಿ ಪ್ಲಾಸ್ಟಿಕ್, ಊಟದ ಕಸ, ಕರಿದ ಎಣ್ಣೆ ಎಲ್ಲಕ್ಕೂ ಬೇರೆ ಬೇರೆ ಸಾಲು ಇರುತ್ತದೆ. ಎಷ್ಟೋ ಹಡಗಿನವರು ಒಂದೇ ಸಾಲಿನಲ್ಲಿ ಒಟ್ಟು ಘನ ಮೀಟರ್ ಬರೆದು ಕಳಿಸುತ್ತಾರೆ, ಆಗ ಕಂಟ್ರಾಕ್ಟರ್ ಒಂದೇ ಲಾರಿ ಕಳಿಸದೆ ಇನ್ನೇನು ಮಾಡುತ್ತಾನೆ? ಎಣ್ಣೆ ಬಟ್ಟೆಯನ್ನಂತೂ ಬೇರೆ ಕಸದ ಜೊತೆ ಕೊಡಲೇಬೇಡಿ, ನಮ್ಮಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಸ್ಲಜ್ (ಎಂಜಿನ್ ರೂಮಿನ ಎಣ್ಣೆ ಕೆಸರು) ಹೇಗೂ ಪರವಾನಗಿ ಇರುವವರ ಟ್ಯಾಂಕರ್‌ಗೇ ಹೋಗಬೇಕು.

ರಾಟರ್‌ಡ್ಯಾಮ್_ಕನ್ನಡಿಗ:
ಯುರೋಪಿನಲ್ಲಿ ಬಂದರಿನಲ್ಲಿ ಹಡಗಿನ ಕಸ ಪಡೆಯುವ ಬಗ್ಗೆ ಯುರೋಪ್ ಒಕ್ಕೂಟದ 2019ರ ನಿರ್ದೇಶನ ಬಂದ ಮೇಲೆ ಕಸ ಕೊಟ್ಟರೂ ಕೊಡದಿದ್ದರೂ ಶುಲ್ಕ ಕಟ್ಟಬೇಕು. ಹಾಗಾಗಿ ಸಮುದ್ರಕ್ಕೆ ಎಸೆದು ದುಡ್ಡು ಉಳಿಸುವ ಆಸೆ ಕಡಿಮೆ. ಆದರೆ ಒಕ್ಕೂಟದ ಹೊರಗಿನಿಂದ ಬಂದ ಹಡಗಿನ ಅಡುಗೆಮನೆ ಕಸಕ್ಕೆ ಇಲ್ಲಿ ಪ್ರಾಣಿರೋಗದ ಭಯದಿಂದ ಬೇರೆಯೇ ಕಾನೂನು. ಅದು ತಾಗಿದ ಪ್ಲಾಸ್ಟಿಕ್ ಮರುಬಳಕೆಗೆ ಹೋಗುವುದಿಲ್ಲ.

ಕುಡ್ಲ_ಕೆಡೆಟ್:
ಆ 24 ಗಂಟೆ ಮೊದಲಿನ ಫಾರ್ಮ್ ನಮ್ಮಲ್ಲಿ ಸೆಕೆಂಡ್ ಮೇಟ್ (ಹಡಗಿನ ಒಬ್ಬ ಅಧಿಕಾರಿ) ತುಂಬುತ್ತಾರೆ, ಕೇಳಿ ನೋಡುತ್ತೇನೆ. ಅದೆಲ್ಲ ಸರಿಯಿದ್ದೂ ಹೀಗೇ ಆದರೆ ಕೆಡೆಟ್ ದೂರು ಕೊಡಬಹುದಾ?

ಹಳೇ_ಚೀಫ್‌ಮೇಟ್:
ನೀವಲ್ಲ, ಕ್ಯಾಪ್ಟನ್ ಕೊಡಬೇಕು. ಬಂದರಿನ ಸೌಲಭ್ಯ ಸಾಲದು ಅಂತ ಫ್ಲ್ಯಾಗ್ ದೇಶಕ್ಕೆ (ಹಡಗು ನೋಂದಣಿಯಾದ ದೇಶ) ತಿಳಿಸಲು ಐಎಂಒ (ಅಂತರರಾಷ್ಟ್ರೀಯ ಸಾಗರ ಸಂಸ್ಥೆ) ಫಾರ್ಮ್ ಇದೆ. ಜಾಸ್ತಿ ಜನ ತುಂಬುವುದಿಲ್ಲ, ಮುಂದಿನ ಸಲ ಅದೇ ಬಂದರಿಗೆ ಹೋಗಬೇಕಲ್ಲ! ಹಡಗಿನ ಕಸದ ಲೆಕ್ಕ ಬರೆಯುವ ಗಾರ್ಬೇಜ್ ರೆಕಾರ್ಡ್ ಬುಕ್ಕಿನಲ್ಲಿ ಮಾತ್ರ ಕೊಟ್ಟದ್ದನ್ನು ವಿಧದ ಪ್ರಕಾರ ಬರೆಸಿ, ರಸೀದಿಯನ್ನು ಎರಡು ವರ್ಷ ಜೋಪಾನ ಮಾಡಿ.