ಮಂಡಿನೋವಿಗೆ ಹಳೇ ಟ್ರಾಮೋ, ಹೊಸ ಟ್ರಾಮೋ?

ಕೇಳಿದವರು: ಮಂಡಿನೋವಿರುವ ಹಿರಿಯರ ಜೊತೆ ಟ್ರಾಮ್ ಹತ್ತಬೇಕಿದೆ. ಹಳೇದು ಚೆಂದ ಅಂತಾರೆ, ಹೊಸದು ಸುಖ ಅಂತಾರೆ. ಬಲ್ಲವರು ಹೇಳಿ.

ಟ್ರಾಲಿಕಂಬ: ಹೊಸದು ಲೋ-ಫ್ಲೋರ್, ಅಂದ್ರೆ ಒಳಗಿನ ನೆಲ ಹಳಿಯಿಂದ ಸುಮಾರು 30–35 ಸೆಂ.ಮೀ. ಎತ್ತರ, ಸರಿ. ನೆಲ ಇಳಿಸಿದ ಮೇಲೆ ಗಾಲಿ ಎಲ್ಲಿಗೆ ಹೋಯ್ತು? ಪೆಟ್ಟಿಗೆಯಾಗಿ ಒಳಗೇ ಬಂತು. ಅದರ ಮೇಲಿನ ಸೀಟಿಗೆ ಮತ್ತೆ ಕಾಲೆತ್ತಬೇಕು. ಪೂರ್ತಿ ಲೋ-ಫ್ಲೋರ್‌ನ ಎಷ್ಟೋ ಮಾದರಿಗಳಲ್ಲಿ ಬೋಗಿ (ಡಬ್ಬಿಯಲ್ಲ, ಅದರ ಕೆಳಗಿನ ಗಾಲಿಗಳ ಚೌಕಟ್ಟು) ತಿರುಗೋದೇ ಇಲ್ಲ. ತಿರುವಿಗೆ ನುಗ್ಗಿದಾಗ ಇಡೀ ಡಬ್ಬಿ ಪಕ್ಕಕ್ಕೆ ಒದೆಯುತ್ತೆ, ಹಳಿಯೂ ಸವೆಯುತ್ತೆ. 1936ರಲ್ಲೇ ಬಂದ ಅಮೆರಿಕದ ಪಿಸಿಸಿ ಮಾದರಿಯ ಟ್ರಾಮಿಗೆ ತಿರುಗುವ ಬೋಗಿ ಎರಡು, ಗಾಲಿಯ ಗುಂಬಕ್ಕೂ ಹೊರಪಟ್ಟಿಗೂ ನಡುವೆ ರಬ್ಬರ್!

ನಾಚ್‌ಎಂಟು: ಪಿಸಿಸಿ ತೋರಿಸಿ ಹಳೇದನ್ನ ಹೊಗಳೋದು ಮೋಸ. ಹಳೇದು ಅಂದ್ರೆ ಕೈ ಕಂಟ್ರೋಲರ್, ಡ್ರೈವರ್ ಹಿಡಿಕೆ ತಿರುಗಿಸಿ ಮೋಟರಿಗೆ ಕರೆಂಟು ಹೆಚ್ಚಿಸೋದು. ಮೋಟರುಗಳ ಜೋಡಣೆ ಸೀರೀಸ್‌ನಿಂದ (ಒಂದರ ಹಿಂದೆ ಒಂದು) ಪ್ಯಾರಲಲ್‌ಗೆ (ಅಕ್ಕಪಕ್ಕ) ದಾಟುವಾಗ ಕುತ್ತಿಗೆಗೆ ಎಳೆತ. ಕರೆಂಟು ತಡೆಯೋ ರೆಸಿಸ್ಟೆನ್ಸ್ ಇರೋ ನಡುವಿನ ನಾಚ್‌ನಲ್ಲೇ (ಹಿಡಿಕೆಯ ಹಂತದಲ್ಲೇ) ನಿಂತರೆ ಅದು ಕೆಂಪಗೆ ಕಾಯುತ್ತೆ, ವಾಸನೆ ಒಳಗೆಲ್ಲ. ಗಾಡಿ ನಿಲ್ಲೋ ಮುಂಚೆ ಏರ್‌ಬ್ರೇಕ್ ತುಸು ಬಿಡದಿದ್ದರೆ ಕೊನೇ ಝಟಕಾ ಮಂಡಿಗೇ. ನಾಲ್ಕೇ ಗಾಲಿಯದ್ದಾದರೆ ಎರಡು ತುದಿಯೂ ಜೋಕಾಲಿ, ನಡುವೆ ಕೂರಿಸಿ. ಮಿಲಾನಿನ 1928ರ ಸರಣಿಯಲ್ಲಿ ಉದ್ದುದ್ದ ಮರದ ಬೆಂಚು, ಬ್ರೇಕ್ ಹಿಡಿದರೆ ಪಕ್ಕದವರ ಮೇಲೆ ಜಾರೋದೇ.

ಮರಳುಪೆಟ್ಟಿಗೆ: ಇಬ್ಬರೂ ಗಾಲಿಯ ಚಪ್ಪಟೆ ಮರೆತಿರಿ. ಒದ್ದೆ ಎಲೆ ಮೇಲೆ ಬ್ರೇಕ್ ಹಿಡಿದು ಗಾಲಿ ಕಚ್ಚಿಕೊಂಡರೆ ಒಂದು ಕಡೆ ಸವೆಯುತ್ತೆ, ಆಮೇಲೆ ಟಕ್ ಟಕ್ ಟಕ್. ಲೇತ್‌ಗೆ ಹಾಕಿ ಒಂದನ್ನ ಉಜ್ಜಿದರೆ ಜೋಡಿ ಗಾಲಿಯನ್ನೂ ಅದೇ ವ್ಯಾಸಕ್ಕೆ ಇಳಿಸಬೇಕು. ಪ್ರತಿ ಸಲ ಗಾಲಿಯ ಹೊರಪಟ್ಟಿಯ ಆಯಸ್ಸು ಕಡಿಮೆ. ಪಟ್ಟಿ ಮುಗಿದರೆ ಬಂಡಿಚಕ್ರದ ಹಾಗೆ ಹೊಸದನ್ನ ಕಾಯಿಸಿ ಕೂರಿಸಬೇಕು. ಖರ್ಚೆಲ್ಲ ಅಲ್ಲೇ.

ನಾಚ್‌ಎಂಟು: ಗಾಲಿ ಜಾರದ ಹಾಗೆ ಹಳಿಗೆ ಸುರಿಯೋ ಮರಳು ಒಣಗಿದ್ದರೆ ಚಪ್ಪಟೆ ಯಾಕೆ ಬರುತ್ತೆ? ಒದ್ದೆ ಮರಳು ಕೊಳವೆಯಲ್ಲೇ ಗಟ್ಟಿಯಾಗಿರುತ್ತೆ, ಬೈಗುಳ ಮಾತ್ರ ಡ್ರೈವರ್‌ಗೆ.

ಟ್ರಾಲಿಕಂಬ: ಅಮೆರಿಕದ ನ್ಯೂ ಆರ್ಲಿಯನ್ಸ್ ನೋಡಿ. ಸೇಂಟ್ ಚಾರ್ಲ್ಸ್ ಮಾರ್ಗದ 1923–24ರ ಹಸಿರು ಗಾಡಿಗೆ ಎಸಿ ಇಲ್ಲ, ಕಿಟಕಿ ಎತ್ತಿದರೆ ಗಾಳಿ. ಕೆನಾಲ್ ರಸ್ತೆಯ ಕೆಂಪು ಗಾಡಿಗೆ ಎಸಿ, ಗಾಲಿಕುರ್ಚಿ ಲಿಫ್ಟ್, ಎಲ್ಲಾ ಇತ್ತು. 2005ರ ಪ್ರವಾಹದಲ್ಲಿ ಕೆಟ್ಟಿದ್ದು ಕೆಂಪು, ಉಳಿದಿದ್ದು ಹಸಿರು.

ಮರಳುಪೆಟ್ಟಿಗೆ: ಹಸಿರು ಗಾಡಿಗಳ ಶೆಡ್ಡು ಎತ್ತರದ ಜಾಗದಲ್ಲಿತ್ತು ಸ್ವಾಮೀ! ಅದು ಗಾಡಿಯ ಗುಣವಲ್ಲ, ನೆಲದ ಗುಣ. ಮಂಡಿನೋವಿಗೂ ಪ್ರವಾಹಕ್ಕೂ ಏನು ಸಂಬಂಧ?

ಕೇಳಿದವರು: ಹಳೇದಕ್ಕೆ ಮೆಟ್ಟಿಲು ಎಷ್ಟು?

ನಾಚ್‌ಎಂಟು: ಸಾಮಾನ್ಯವಾಗಿ ಎರಡು-ಮೂರು, ಕಡಿದು. ಸ್ಯಾನ್ ಫ್ರಾನ್ಸಿಸ್ಕೋದ ಎಫ್ ಮಾರ್ಗದಲ್ಲಿ ಕೆಲವು ನಿಲ್ದಾಣಗಳಲ್ಲಿ ಎತ್ತರದ ಕಟ್ಟೆ ಇದೆ, ಹಲಗೆ ಹಾಕಿ ಹತ್ತಿಸ್ತಾರೆ. ಅಂಥ ನಿಲ್ದಾಣ ನೋಡಿಕೊಂಡೇ ಹತ್ತಿ, ಇಳಿಯಿರಿ. ಇನ್ನು ಮರಳಿನ ವಿಷಯಕ್ಕೆ ಬರೋಣ.