ಅರುಗುಲಾ ಮೈಕ್ರೋಗ್ರೀನ್ಸ್ ಬೇಗ ಕೊಳೆಯುತ್ತಿವೆ, ಬಳಸಿ ಬಲ್ಲವರು ತಿಳಿಸಿ

ಕೇಳಿದವರು: ಅರುಗುಲಾ ಮೈಕ್ರೋಗ್ರೀನ್ಸನ್ನು, ಅಂದರೆ ಅರುಗುಲಾ ಎಂಬ ಖಾರದ ಸೊಪ್ಪಿನ ಎಳೆಯ ಸಸಿಗಳನ್ನು, ತಂದ ಕೂಡಲೇ ತೊಳೆದು ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿ ಇಡುತ್ತೇನೆ. ಎರಡು ಮೂರು ದಿನಕ್ಕೆಲ್ಲ ಲೋಳೆಯಾಗುತ್ತವೆ. ಹಸಿಯಾಗಿ ತಿಂದರೆ ಖಾರ ಮೂಗಿಗೆ ಹತ್ತುತ್ತದೆ, ಸೂಪಿಗೆ ಹಾಕಿದರೆ ರುಚಿಯೇ ಇರುವುದಿಲ್ಲ. ಇವುಗಳಲ್ಲಿ ಪೋಷಕಾಂಶ ತುಂಬಾ ಇದೆ ಎನ್ನುತ್ತಾರಲ್ಲ, ಅದೆಲ್ಲ ನಿಜವೇ?

ಮೊದಲ ಉತ್ತರ: ತೊಳೆದಿಡುವುದನ್ನು ನಿಲ್ಲಿಸಿ, ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಈ ಕಾಂಡಗಳು ದಾರದಷ್ಟು ಸಣ್ಣ. ಒಂದಕ್ಕೊಂದು ಅಂಟಿಕೊಂಡರೆ ನಡುವೆ ನಿಂತ ನೀರು ಆರುವುದೇ ಇಲ್ಲ, ಕೊಳೆತ ಅಲ್ಲಿಂದಲೇ ಶುರು. ನಾನು ಡಬ್ಬಿಯ ತಳಕ್ಕೆ ಒಣ ಟಿಶ್ಯೂ ಕಾಗದ ಹಾಸಿ, ಸೊಪ್ಪನ್ನು ಒತ್ತದೆ ಸಡಿಲವಾಗಿ ಹರಡಿ, ಮೇಲೊಂದು ಕಾಗದ ಮುಚ್ಚುತ್ತೇನೆ. ಕಾಗದ ಒದ್ದೆಯಾದರೆ ಬದಲಿಸುತ್ತೇನೆ. ಫ್ರಿಜ್ 4–5 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು ಒಂದು ವಾರ ಚೆನ್ನಾಗಿರುತ್ತದೆ. ಹಿಂಬದಿಯ ಗೋಡೆಗೆ ತಾಗಿಸಬೇಡಿ. ಎಲೆ ಹೆಪ್ಪುಗಟ್ಟಿ, ಕರಗಿದಾಗ ಗಾಜಿನಂತೆ ಪಾರದರ್ಶಕವಾಗಿ ಜೋತುಬೀಳುತ್ತದೆ. ಸೇಬು, ಬಾಳೆಹಣ್ಣುಗಳ ಪಕ್ಕವೂ ಬೇಡ, ಅವು ಬಿಡುವ ಎಥಿಲೀನ್ ಅನಿಲಕ್ಕೆ ಎಲೆ ಹಳದಿಯಾಗುತ್ತದೆ. ತಿನ್ನುವ ಮೊದಲು, ಬೇಕಾದಷ್ಟನ್ನು ಮಾತ್ರ ತೊಳೆಯಿರಿ.

ಎರಡನೆಯ ಉತ್ತರ: ಸೂಪಿನ ವಿಷಯಕ್ಕೆ ಬರುತ್ತೇನೆ. ಎಲೆಯನ್ನು ಹಾಗೆಯೇ ಮೂಸಿ ನೋಡಿ, ಹೆಚ್ಚೇನೂ ವಾಸನೆ ಇಲ್ಲ. ಬೆರಳಲ್ಲಿ ಹೊಸಕಿ ಮೂಸಿದರೆ ಘಾಟು ಏಳುತ್ತದೆ. ಇದು ಸಾಸಿವೆ, ಮೂಲಂಗಿಗಳ ಕುಟುಂಬದ ಸಸ್ಯ. ಎಲೆಯಲ್ಲಿ ಗ್ಲುಕೋಸಿನೊಲೇಟ್ ಎಂಬ ಸಂಯುಕ್ತಗಳೂ ಮೈರೋಸಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಕಡೆ ಇರುತ್ತವೆ. ಜಗಿದಾಗ ಎರಡೂ ಕೂಡಿ ಖಾರ ಹುಟ್ಟುತ್ತದೆ. ಕುದಿಯುವ ಬಿಸಿಗೆ ಕಿಣ್ವ ಕೆಟ್ಟುಹೋಗುತ್ತದೆ, ಹಾಗಾಗಿ ಖಾರ ಹುಟ್ಟುವುದೇ ಇಲ್ಲ. ಒಲೆಯಿಂದ ಇಳಿಸಿ ಬಡಿಸುವಾಗ ಮೇಲೆ ಉದುರಿಸಿಕೊಳ್ಳಿ. ಹಸಿಯಾಗಿ ತೀರಾ ಖಾರ ಎನಿಸಿದರೆ ಚೀಸ್, ಎಣ್ಣೆ ಅಥವಾ ಸಿಹಿ ಹಣ್ಣಿನ ಜೊತೆ ತಿನ್ನಿ.

ಮೂರನೆಯ ಉತ್ತರ: ಪೋಷಕಾಂಶ ನಿಜ, ಅಬ್ಬರ ಹೆಚ್ಚು. ಅಮೆರಿಕದ ಸಂಶೋಧಕರು 2012ರಲ್ಲಿ 25 ಬಗೆಯ ಮೈಕ್ರೋಗ್ರೀನ್ಸ್ ಪರೀಕ್ಷಿಸಿದಾಗ ವಿಟಮಿನ್ ಸಿ 100 ಗ್ರಾಂಗೆ ಸುಮಾರು 20 ಮಿಲಿಗ್ರಾಂನಿಂದ 147 ಮಿಲಿಗ್ರಾಂವರೆಗೆ ಸಿಕ್ಕಿತು. ಅಂದರೆ ಬಗೆಯಿಂದ ಬಗೆಗೆ ಏಳು ಪಟ್ಟು ವ್ಯತ್ಯಾಸ. ‘ಮೈಕ್ರೋಗ್ರೀನ್ಸ್ ಎಂದರೆ ಇಷ್ಟು ಪೋಷಕಾಂಶ’ ಎಂದು ಒಂದೇ ಅಂಕಿ ಹೇಳುವವರನ್ನು ನಂಬಬೇಡಿ. ನಾವು ತಿನ್ನುವುದಾದರೂ 100 ಗ್ರಾಂ ಅಲ್ಲ, ಒಂದು ಹಿಡಿ. ಬಲಿತ ಅರುಗುಲಾ ಎಲೆಯಲ್ಲಿ ವಿಟಮಿನ್ ಕೆ ಚೆನ್ನಾಗಿದೆ, 100 ಗ್ರಾಂಗೆ ಸುಮಾರು 109 ಮೈಕ್ರೋಗ್ರಾಂ. ವಿಟಮಿನ್ ಕೆ ರಕ್ತ ಹೆಪ್ಪುಗಟ್ಟಲು ನೆರವಾಗುವುದರಿಂದ, ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ಇಂಥ ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಏರಿಳಿಸದೆ, ವೈದ್ಯರನ್ನು ಕೇಳುವುದು ಒಳ್ಳೆಯದು. ಸಾಸಿವೆ ಅಲರ್ಜಿ ಇರುವವರೂ ಎಚ್ಚರವಾಗಿರಲಿ.

ನಾಲ್ಕನೆಯ ಉತ್ತರ: ಯಾರೂ ಇತಿಹಾಸ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಮೆಡಿಟರೇನಿಯನ್ ಸೀಮೆಯ ಈ ಗಿಡದ ಎಲೆ, ಬೀಜ ಎರಡನ್ನೂ ರೋಮನ್ನರು ತಿನ್ನುತ್ತಿದ್ದರು. ಕಾಮೋತ್ತೇಜಕ ಎಂಬ ಖ್ಯಾತಿಯೂ ಇತ್ತು. 1ನೆಯ ಶತಮಾನದಲ್ಲಿ ಕೃಷಿಯ ಬಗ್ಗೆ ಬರೆದ ಕೊಲುಮೆಲ್ಲಾ ಅದನ್ನು ಪ್ರಸ್ತಾಪಿಸುತ್ತಾನೆ. ಎಳೆಯ ಮೊಳಕೆಯಲ್ಲೇ ಕತ್ತರಿಸಿ ತಟ್ಟೆಗೆ ಹಾಕುವ ರೂಢಿ ಮಾತ್ರ ತೀರಾ ಈಚಿನದು, 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬಾಣಸಿಗರಿಂದ ಹಬ್ಬಿದ್ದು.

ಐದನೆಯ ಉತ್ತರ: ಕೊಳೆಯುವ ತಾಪತ್ರಯವೇ ಬೇಡವೆಂದರೆ ಬೆಳೆದುಕೊಳ್ಳಿ. ಬೀಜ ನೆನೆಸಬೇಡಿ, ನೀರು ಬಿದ್ದರೆ ಸುತ್ತ ಲೋಳೆ ಕಟ್ಟಿ ಮುದ್ದೆಯಾಗುತ್ತದೆ. ಒದ್ದೆ ತೆಂಗಿನ ನಾರಿನ ಪುಡಿಯ ಮೇಲೆ ಒಣ ಬೀಜವನ್ನೇ ತೆಳುವಾಗಿ ಉದುರಿಸಿ, ಮಣ್ಣು ಮುಚ್ಚದೆ ಬಿಡಿ. ಬೇರಿನ ಸುತ್ತ ಬಿಳಿ ನವಿರು ಕಂಡರೆ ಬೂಷ್ಟು ಎಂದು ಗಾಬರಿಯಾಗಿ ಎಸೆಯಬೇಡಿ. ನೀರು ಚಿಮುಕಿಸಿ, ಬೇರಿನ ಕೂದಲಾದರೆ ಒರಗಿ ಮಾಯವಾಗುತ್ತದೆ, ಬೂಷ್ಟಾದರೆ ಹಾಗೆಯೇ ಉಳಿಯುತ್ತದೆ. ಹತ್ತು ದಿನಗಳ ಆಸುಪಾಸಿನಲ್ಲಿ ಕತ್ತರಿಗೆ ಬರುತ್ತದೆ, ಊಟಕ್ಕೆ ಬೇಕಾದಷ್ಟನ್ನು ಆಗಲೇ ಕತ್ತರಿಸಿಕೊಂಡರಾಯಿತು.