ಎಸ್ಟೀಮ್‌ಗೆ ರೋಲ್ ಕೇಜ್: ಇಆರ್‌ಡಬ್ಲ್ಯೂ ಪೈಪ್ ನಡೀತದೇನ್ರಿ?

ಕಲಬುರಗಿ ಎಸ್ಟೀಮ್:
ಹಳೇ ಮಾರುತಿ ಎಸ್ಟೀಮ್ ಕಾರ್ ಒಂದು ರ‍್ಯಾಲಿಗೆ ತಯಾರ್ ಮಾಡ್ಲಕತ್ತೀನಿ. ಸೀಟು, ಮ್ಯಾಟ್, ಡೋರ್ ಪ್ಯಾಡ್ ಎಲ್ಲಾ ಕಿತ್ತು ಬಾಡಿ ಖಾಲಿ ಮಾಡೀನಿ. ಈಗ ಒಳಗ ರೋಲ್ ಕೇಜ್, ಅಂದ್ರ ಪಲ್ಟಿ ಆದ್ರ ಒಳಗಿನವ್ರನ್ನ ಕಾಯೋ ಪೈಪಿನ ಪಂಜರ, ಹಾಕಿಸ್ಬೇಕು. ಕಪನೂರದಾಗ ಒಬ್ಬ ಫ್ಯಾಬ್ರಿಕೇಟರ್ ಸಿಕ್ಕಾನ, ಕೈ ಭಾಳ ಛಲೋ ಅದ. ಆದ್ರ ಅವನ ಹತ್ರ ಇರೋದು ಗೇಟಿಗೆ ಹಾಕೋ ಇಆರ್‌ಡಬ್ಲ್ಯೂ (ಉದ್ದಕ್ಕ ವೆಲ್ಡ್ ಜೋಡಣಿ ಇರೋ) ಪೈಪ್. ಅದ್ರಾಗೇ ಮಾಡಿಸ್ಲೇನ್ರಿ?

ಬೀದರ್ ವರ್ಕ್‌ಶಾಪ್:
ಬ್ಯಾಡ್ರಿ ಅಣ್ಣಾ. ಎಫ್‌ಐಎ (ಜಗತ್ತಿನ ಮೋಟಾರ್ ರೇಸ್ ಸಂಸ್ಥೆ) ನಿಯಮದ ಪ್ರಕಾರ ಕೋಲ್ಡ್ ಡ್ರಾನ್ ಸೀಮ್‌ಲೆಸ್ (ತಣ್ಣಗೇ ಎಳೆದ, ಜೋಡಣಿ ಇಲ್ಲದ) ಕಾರ್ಬನ್ ಸ್ಟೀಲೇ ಬೇಕು. ಸೀಟಿನ ಹಿಂದಿನ ಮುಖ್ಯ ಹೂಪ್‌ಗೆ (ಕಮಾನಿನಂಗ ಬಾಗಿಸಿದ ಪೈಪಿಗೆ) 45 ಮಿ.ಮೀ. ವ್ಯಾಸ, 2.5 ದಪ್ಪ, ಇಲ್ಲಾಂದ್ರ 50 ವ್ಯಾಸ, 2 ದಪ್ಪ. ಡೋರ್ ಬಾರ್, ಕ್ರಾಸ್ ಬಾರ್‌ಗೆ 38ರ ಪೈಪ್ ಆಗ್ತದ, ದಪ್ಪ 2.5 ಇರಬೇಕು.

ಗ್ಯಾಸಿಲೆ ಕಾಸಿ ಬಾಗಸಾಕ ಬಿಡಬ್ಯಾಡ್ರಿ, ತಣ್ಣಗೇ ಬಾಗಬೇಕು. ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಮ್ಮಿ ಆಗಬಾರ್ದು. ಬೆಂಡಿನ ಮ್ಯಾಲ ವರ್ನಿಯರ್ (ವ್ಯಾಸ ಅಳಿಯೋ ಸಾಧನ) ಅಡ್ಡ, ಉದ್ದ ಎರಡೂ ಕಡೆ ಹಿಡಿದು ನೋಡ್ರಿ: ಸಣ್ಣ ಅಳತಿ ದೊಡ್ಡದರ 0.9 ಪಟ್ಟಿಗಿಂತ ಕೆಳಗ ಬಂದ್ರ ಆ ಪೈಪ್ ಬಿಟ್ಟುಬಿಡ್ರಿ, ರೊಕ್ಕ ಹೋದ್ರೂ ಹೋಗ್ಲಿ.

ಕಲಬುರಗಿ ಎಸ್ಟೀಮ್:
ತಿಳೀತ್ರಿ, ಸೀಮ್‌ಲೆಸ್ಸೇ ತರಸ್ತೀನಿ. ಕೆಳಗ ಫ್ಲೋರಿಗೆ ಹ್ಯಾಂಗ ಕೂಡಸೋದು?

ಬೀದರ್ ವರ್ಕ್‌ಶಾಪ್:
ಬರೀ ತಗಡಿಗೆ ಹಚ್ಚಿದ್ರ ಪಲ್ಟಿ ಆದಾಗ ಪೈಪ್ ಫ್ಲೋರ್ ಹರ್ಕೊಂಡು ಕೆಳಗ ಇಳೀತದ. ಪ್ರತಿ ಕಾಲಿಗೆ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ಪ್ಲೇಟ್ ಬಾಡಿಗೆ ವೆಲ್ಡ್ ಮಾಡಿಸಿ, ಎಂ8 (8 ಮಿ.ಮೀ.) ಬೋಲ್ಟ್ ಮೂರು, ಗಟ್ಟಿತನದಾಗ 8.8 ಗ್ರೇಡಿನವೇ ಹಾಕ್ರಿ.

ಯಾದಗಿರಿ ಹುಡುಗ:
ರೂಫ್ ಕಡೆ ಜಾಯಿಂಟ್‌ಗೆ ವೆಲ್ಡಿಂಗ್ ಟಾರ್ಚ್ ಹೋಗಲ್ಲ ಅಂತ ಅರ್ಧಾನೇ ವೆಲ್ಡ್ ಮಾಡಿ ಬಿಡೋರು ಭಾಳ ಮಂದಿ ಅದಾರ. ಸುತ್ತಲೂ ಪೂರಾ ಆಗ್ಲೇಬೇಕ್ರಿ. ಫ್ಲೋರಿನಾಗ ತೂತು ಮಾಡಿ ಕೇಜ್ ಕೆಳಗ ಇಳಿಸಿ, ಮ್ಯಾಲಿನ ವೆಲ್ಡ್ ಮುಗಿಸಿ, ಆಮ್ಯಾಲ ಎತ್ತಿ ಪ್ಲೇಟ್ ಕೂಡಸ್ಲಿ. ಹೆಲ್ಮೆಟ್ ತಾಗೋ ಕಡೆ ಪ್ಯಾಡಿಂಗ್ ಬೇಕೇ ಬೇಕು. ಪೇಂಟ್ ಹೊಡಿಯೋಕಿಂತ ಮೊದಲ ಎಲ್ಲಾ ಜಾಯಿಂಟಿಂದು ಫೋಟೋ ಇಲ್ಲೇ ಹಾಕ್ರಿ, ನೋಡಿ ಹೇಳ್ತೀವಿ.